ಒಂದು ಡಾಲರಿನ ನೆಲ, ಹಸುಗೂಸುಗಳ ಲೆಕ್ಕ

1978ರ ಆಗಸ್ಟ್ 2ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಆಯುಕ್ತ ರಾಬರ್ಟ್ ವೇಲನ್ ಒಂದು ಆದೇಶ ಹೊರಡಿಸಿದರು. ನಯಾಗರ ಫಾಲ್ಸ್ ನಗರದ ಲವ್ ಕೆನಾಲ್ ಬಡಾವಣೆಯಲ್ಲಿ ಆರೋಗ್ಯದ ತುರ್ತುಸ್ಥಿತಿ ಉಂಟಾಗಿದೆ, ಹಳೆಯ ಕಾಲುವೆಗೆ ತಾಗಿಕೊಂಡ ಮನೆಗಳಿಂದ ಬಸುರಿಯರೂ ಎರಡು ವರ್ಷದೊಳಗಿನ ಮಕ್ಕಳೂ ಆದಷ್ಟು ಬೇಗ ಬೇರೆಡೆಗೆ ಹೋಗಬೇಕು ಎಂದು ಅದರಲ್ಲಿತ್ತು. ಕಾಲುವೆಯ ಮೇಲೆ ಕಟ್ಟಿದ ಶಾಲೆಯನ್ನು ಮುಚ್ಚಬೇಕು, ಹಿತ್ತಲಲ್ಲಿ ಬೆಳೆದ ತರಕಾರಿಯನ್ನು ತಿನ್ನಬಾರದು, ನೆಲಮಾಳಿಗೆಯಲ್ಲಿ ಹೆಚ್ಚು ಹೊತ್ತು ಇರಬಾರದು ಎಂಬ ಸೂಚನೆಗಳೂ ಇದ್ದವು.

ಆದೇಶ ಕೇಳಿದ ತಾಯಂದಿರಿಗೆ ತಟ್ಟನೆ ಹೊಳೆದ ಪ್ರಶ್ನೆ ಒಂದೇ. ಎರಡು ವರ್ಷದ ಮಗುವಿಗೆ ಆಗದ ನೆಲ ಮೂರು ವರ್ಷದ ಮಗುವಿಗೆ ಹೇಗೆ ಆದೀತು? ಸರ್ಕಾರದ ಬಳಿ ಇದಕ್ಕೆ ಸಮಾಧಾನದ ಉತ್ತರ ಇರಲಿಲ್ಲ. ಆದರೂ ಆ ಆದೇಶ ಒಂದು ಸತ್ಯವನ್ನು ಒಪ್ಪಿಕೊಂಡಿತ್ತು. ಕೆಟ್ಟ ನೆಲದ ಪೆಟ್ಟು ಮೊದಲು ಬೀಳುವುದು ಹುಟ್ಟಲಿರುವ ಮತ್ತು ಆಗಷ್ಟೇ ಹುಟ್ಟಿದ ಮಕ್ಕಳ ಮೇಲೆ. ಲವ್ ಕೆನಾಲ್‌ನ ಇತಿಹಾಸವನ್ನು ಜಮೀನಿನ ಇತಿಹಾಸವಾಗಿ, ಕಂಪನಿಯ ಇತಿಹಾಸವಾಗಿ, ಕಾನೂನಿನ ಇತಿಹಾಸವಾಗಿ ಹಲವರು ಬರೆದಿದ್ದಾರೆ. ಅಲ್ಲಿ ಹುಟ್ಟಿದ ಮಕ್ಕಳ ಲೆಕ್ಕವನ್ನು ಯಾರು ಇಟ್ಟರು, ಯಾರು ತಳ್ಳಿಹಾಕಿದರು ಎಂಬ ದಾರಿಯಲ್ಲಿ ಹೋದರೆ ಆ ಕಥೆಯ ತಿರುಳು ಸಿಗುತ್ತದೆ.

ಅರ್ಧಕ್ಕೆ ನಿಂತ ಕಾಲುವೆ

1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿಗೆ ಒಂದು ದೊಡ್ಡ ಕನಸಿತ್ತು. ನಯಾಗರ ಜಲಪಾತದ ಮೇಲಿನ ನದಿಯನ್ನೂ ಕೆಳಗಿನ ನದಿಯನ್ನೂ ಕಾಲುವೆಯಿಂದ ಜೋಡಿಸುವುದು, ಬೀಳುವ ನೀರಿನಿಂದ ವಿದ್ಯುತ್ ತೆಗೆಯುವುದು, ಅದರ ಸುತ್ತ ಮಾದರಿ ಕೈಗಾರಿಕಾ ನಗರವೊಂದನ್ನು ಕಟ್ಟುವುದು. ಅಗೆಯುವ ಕೆಲಸವೇನೋ ಶುರುವಾಯಿತು. ಆದರೆ 1893ರ ಆರ್ಥಿಕ ಕುಸಿತ ಹಣದ ಮೂಲವನ್ನು ಬತ್ತಿಸಿತು. ಪರ್ಯಾಯ ವಿದ್ಯುತ್ ಪ್ರವಾಹದ ತಂತ್ರಜ್ಞಾನ ಬಂದು ವಿದ್ಯುತ್ತನ್ನು ತಂತಿಯಲ್ಲಿ ದೂರದೂರಿಗೆ ಸಾಗಿಸುವುದು ಸಾಧ್ಯವಾದ ಮೇಲೆ, ಕಾರ್ಖಾನೆಗಳು ಜಲಪಾತದ ಪಕ್ಕದಲ್ಲೇ ಇರಬೇಕೆಂಬ ಲೆಕ್ಕಾಚಾರವೂ ಬಿದ್ದುಹೋಯಿತು. ಉಳಿದದ್ದು ಸುಮಾರು ಒಂದು ಕಿಲೋಮೀಟರ್ ಉದ್ದದ ಹಳ್ಳ ಮಾತ್ರ. ಅದರಲ್ಲಿ ಮಳೆನೀರು ನಿಂತಿತು. ಬೇಸಿಗೆಯಲ್ಲಿ ಮಕ್ಕಳು ಈಜಿದರು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಜಾರುವ ಆಟ ಆಡಿದರು.

1920ರ ದಶಕದಿಂದ ನಗರದ ಕಸ ಅಲ್ಲಿ ಬೀಳತೊಡಗಿತು. 1942ರಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ ಬಂತು. ನಯಾಗರದ ಅಗ್ಗದ ವಿದ್ಯುತ್ತನ್ನು ನಂಬಿ ಬೆಳೆದ, ಕ್ಲೋರಿನ್ ಆಧಾರಿತ ರಾಸಾಯನಿಕಗಳನ್ನು ತಯಾರಿಸುತ್ತಿದ್ದ ಕಂಪನಿ ಅದು. ಯುದ್ಧಕಾಲದಲ್ಲಿ ಉತ್ಪಾದನೆ ಹೆಚ್ಚಿತು, ಅದರ ಹಿಂದೆ ತ್ಯಾಜ್ಯವೂ ಹೆಚ್ಚಿತು. 1942ರಿಂದ 1953ರವರೆಗೆ ಸುಮಾರು 20,000 ಟನ್ ರಾಸಾಯನಿಕ ತ್ಯಾಜ್ಯವನ್ನು ಡ್ರಮ್‌ಗಳಲ್ಲಿ ತುಂಬಿ ಕಂಪನಿ ಆ ಕಾಲುವೆಗೆ ಸುರಿಯಿತು. ಕ್ಲೋರೋಬೆಂಜೀನ್‌ಗಳು ಅದರಲ್ಲಿದ್ದವು. ಡಯಾಕ್ಸಿನ್ ಬೆರೆತ ಟ್ರೈಕ್ಲೋರೋಫಿನಾಲ್ ಇತ್ತು. ಬೆಂಜೀನ್ ಹೆಕ್ಸಾಕ್ಲೋರೈಡ್ ತಯಾರಿಕೆಯಲ್ಲಿ ಉಳಿದ ಕಸವೂ ಸಾವಿರಾರು ಟನ್ ಇತ್ತು. ನಮ್ಮ ರೈತರು ಬಿಎಚ್‌ಸಿ ಪುಡಿ ಎಂದು ಹೊಲಕ್ಕೆ ಎರಚುತ್ತಿದ್ದ, 1997ರಲ್ಲಿ ಭಾರತ ನಿಷೇಧಿಸಿದ ಕೀಟನಾಶಕ ಇದೇ.

ಹಳ್ಳ ತುಂಬಿದ ಮೇಲೆ ಅದರ ಮೇಲೆ ಜೇಡಿಮಣ್ಣು ಹೊದಿಸಲಾಯಿತು. ಯುದ್ಧ ಮುಗಿದು ಕುಟುಂಬಗಳು ಬೆಳೆಯುತ್ತಿದ್ದ ಕಾಲ ಅದು. ನಗರದ ಶಾಲಾ ಮಂಡಳಿ ಹೊಸ ಶಾಲೆಗೆ ಜಾಗ ಹುಡುಕುತ್ತಿತ್ತು. 1953ರ ಏಪ್ರಿಲ್‌ನಲ್ಲಿ ಹೂಕರ್ ಕಂಪನಿ ಆ ಜಮೀನನ್ನು ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ನೆಲದೊಳಗೆ ರಾಸಾಯನಿಕ ತ್ಯಾಜ್ಯ ಇದೆ, ಅದರಿಂದ ಮುಂದೆ ಗಾಯವಾದರೂ ಸಾವಾದರೂ ಕಂಪನಿಯ ಮೇಲೆ ಹಕ್ಕು ಸಾಧಿಸುವಂತಿಲ್ಲ ಎಂಬ ಷರತ್ತು ಕ್ರಯಪತ್ರದಲ್ಲೇ ಇತ್ತು. ಕೊಟ್ಟವರಿಗೂ ಗೊತ್ತಿತ್ತು, ಕೊಂಡವರಿಗೂ ಗೊತ್ತಿತ್ತು. ಮುಂದೆ ಅಕ್ಕಪಕ್ಕ ಮನೆ ಕೊಂಡವರಿಗೆ ಮಾತ್ರ ಯಾರೂ ಹೇಳಲಿಲ್ಲ.

1955ರಲ್ಲಿ 99ನೇ ಬೀದಿಯ ಶಾಲೆ ತೆರೆಯಿತು. ಸುಮಾರು 400 ಮಕ್ಕಳು ಅಲ್ಲಿ ಓದತೊಡಗಿದರು. ಸುತ್ತಲೂ ಮನೆಗಳೆದ್ದವು. ಮಧ್ಯಮ ವರ್ಗದವರು, ಕಾರ್ಖಾನೆಯ ಕೆಲಸಗಾರರು ಸಾಲ ಮಾಡಿ ಕೊಂಡ ಸುಮಾರು 800 ಮನೆಗಳು ಒಂದು ಕಡೆಯಾದರೆ, ಬಡವರಿಗಾಗಿ ಸರ್ಕಾರ ಕಟ್ಟಿಸಿದ ಸುಮಾರು 240 ಬಾಡಿಗೆ ಮನೆಗಳು ಇನ್ನೊಂದು ಕಡೆ. ಚರಂಡಿ ಕೊಳವೆ ಹಾಕುವಾಗ ಕಾಲುವೆಯ ಗೋಡೆಯನ್ನು ಕೊರೆದರು. ಮೇಲೆ ಹೊದಿಸಿದ್ದ ಮಣ್ಣನ್ನು ತೆಗೆದು ಬೇರೆ ಕಡೆ ತುಂಬಿಸಲು ಬಳಸಿದರು. ನೆಲಕ್ಕೆ ಎಸೆದರೆ ಸಿಡಿದು ಕಿಡಿ ಹಾರಿಸುವ ಕಲ್ಲುಗಳು ಆಟದ ಬಯಲಲ್ಲಿ ಸಿಗುತ್ತಿದ್ದವು. ಮಕ್ಕಳು ಅವನ್ನು ಹೆಕ್ಕಿ ಆಡುತ್ತಿದ್ದರು.

ಮೇಲೆದ್ದ ವಿಷ

1970ರ ದಶಕದ ಮಧ್ಯಭಾಗದಲ್ಲಿ ಆ ಪ್ರದೇಶದಲ್ಲಿ ಮಳೆ ಮತ್ತು ಹಿಮ ವಿಪರೀತ ಸುರಿದವು. ಅಂತರ್ಜಲ ಏರಿತು. ಸುತ್ತಲಿನ ಜೇಡಿನೆಲ ನೀರನ್ನು ಕೆಳಕ್ಕೆ ಬಿಡಲಿಲ್ಲ. ಹೀಗಾಗಿ ತುಂಬಿದ ಕಾಲುವೆ ಅಂಚಿನಿಂದ ಹೊರಚೆಲ್ಲಿತು. ತುಕ್ಕು ಹಿಡಿದ ಡ್ರಮ್‌ಗಳು ನೆಲದ ಮೇಲೆ ಕಾಣಿಸಿಕೊಂಡವು. ಹಿತ್ತಲಿನ ಗಿಡಗಳು ಕರಕಲಾದವು. ನೆಲಮಾಳಿಗೆಯ ಗೋಡೆಗಳಿಂದ ಕಪ್ಪು ಜಿಡ್ಡು ಒಸರಿತು, ಮನೆಯೊಳಗೆ ಮೂಗಿಗೆ ಬಡಿಯುವ ವಾಸನೆ ತುಂಬಿತು.

‘ನಯಾಗರ ಗೆಜೆಟ್’ ಪತ್ರಿಕೆಯ ವರದಿಗಾರರು 1976ರಲ್ಲಿ ಮನೆಗಳ ನೀರೆತ್ತುವ ಪಂಪುಗಳಿಂದ ಮಾದರಿ ತೆಗೆದು ಪರೀಕ್ಷೆ ಮಾಡಿಸಿದಾಗ ವಿಷಕಾರಿ ರಾಸಾಯನಿಕಗಳು ಪತ್ತೆಯಾದವು. 1978ರಲ್ಲಿ ಅದೇ ಪತ್ರಿಕೆಯ ಮೈಕಲ್ ಬ್ರೌನ್ ಮನೆಮನೆಗೆ ಹೋಗಿ ಕಾಯಿಲೆಗಳ ಬಗ್ಗೆ ವಿಚಾರಿಸಿ ಒಂದರ ಹಿಂದೊಂದು ವರದಿ ಬರೆದರು. ಗರ್ಭಪಾತಗಳು, ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು, ವಿವರಣೆಗೆ ಸಿಗದ ಕಾಯಿಲೆಗಳು ಆ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದವು.

ಆ ವರದಿಗಳನ್ನು ಓದಿದವರಲ್ಲಿ 101ನೇ ಬೀದಿಯ ಗೃಹಿಣಿ ಲೋಯಿಸ್ ಗಿಬ್ಸ್ ಕೂಡ ಒಬ್ಬರು. ಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ ಅವರ ಮಗನಿಗೆ ಅಪಸ್ಮಾರ ಕಾಣಿಸಿಕೊಂಡಿತ್ತು. ಬೇರೆ ಶಾಲೆಗೆ ವರ್ಗ ಮಾಡಿಕೊಡಿ ಎಂದು ಅವರು ಶಾಲಾ ಮಂಡಳಿಯನ್ನು ಕೇಳಿದರು. ಒಂದು ಮಗುವಿಗೆ ಒಪ್ಪಿದರೆ ಎಲ್ಲ ಮಕ್ಕಳಿಗೂ ಒಪ್ಪಬೇಕಾಗುತ್ತದೆಂದು ಮಂಡಳಿ ನಿರಾಕರಿಸಿತು. ಸಾರ್ವಜನಿಕ ಜೀವನದ ಗಂಧವೇ ಇಲ್ಲದಿದ್ದ, ಸಂಕೋಚದ ಸ್ವಭಾವದ ಆ ತಾಯಿ ಅರ್ಜಿ ಹಿಡಿದು ನೆರೆಮನೆಗಳ ಬಾಗಿಲು ತಟ್ಟಿದರು. ಶಾಲೆ ಮುಚ್ಚಿಸಲು ಸಹಿ ಕೇಳಲು ಹೋದವರಿಗೆ ಪ್ರತಿ ಮನೆಯಲ್ಲೂ ಒಂದು ದುಃಖ ಎದುರಾಯಿತು. ತಮ್ಮ ಮನೆಗೆ ಮಾತ್ರ ಬಂದ ಕಷ್ಟ ಎಂದುಕೊಂಡಿದ್ದವರಿಗೆ ಅದು ಇಡೀ ಬೀದಿಯ ಕಷ್ಟ ಎಂದು ತಿಳಿದದ್ದು ಆಗಲೇ.

ವೇಲನ್ ಅವರ ಆದೇಶದ ಐದು ದಿನಗಳ ನಂತರ, ಆಗಸ್ಟ್ 7ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು. ಕಾಲುವೆಗೆ ಹತ್ತಿರದ 239 ಕುಟುಂಬಗಳ ಮನೆಗಳನ್ನು ರಾಜ್ಯವೇ ಕೊಳ್ಳುವುದೆಂದು ಗವರ್ನರ್ ಹ್ಯೂ ಕೇರಿ ಪ್ರಕಟಿಸಿದರು. ಆ ಮನೆಗಳ ಸುತ್ತ ಬೇಲಿ ಎದ್ದಿತು. ಬೇಲಿಯ ಹೊರಗಿನ ನೂರಾರು ಕುಟುಂಬಗಳಿಗೆ, ನಿಮಗೆ ಅಪಾಯವಿಲ್ಲ, ಇದ್ದಲ್ಲೇ ಇರಿ ಎಂದು ಹೇಳಲಾಯಿತು.

ಅಡುಗೆಮನೆಯಲ್ಲಿ ಹುಟ್ಟಿದ ನಕ್ಷೆ

ಬೇಲಿಯ ಹೊರಗಿನವರು ಸುಮ್ಮನಿರಲಿಲ್ಲ. ಗಿಬ್ಸ್ ನೇತೃತ್ವದ ಮನೆಮಾಲೀಕರ ಸಂಘದ ಮಹಿಳೆಯರು ಫೋನು ಮಾಡಿ ಪ್ರತಿ ಮನೆಯ ಕಾಯಿಲೆಯ ವಿವರ ಕೇಳಿ ಬರೆದುಕೊಂಡರು. ಬೀದಿಗಳ ನಕ್ಷೆ ಹರಡಿಕೊಂಡು ಒಂದೊಂದು ಮನೆಯನ್ನೂ ಗುರುತು ಮಾಡಿದರು. ಗುರುತುಗಳು ಎಲ್ಲೆಂದರಲ್ಲಿ ಚದುರಿರಲಿಲ್ಲ, ಕೆಲವು ಸಾಲುಗಳಲ್ಲಿ ಕೂಡಿಕೊಂಡಿದ್ದವು. ಬಡಾವಣೆ ಏಳುವ ಮೊದಲು ಅಲ್ಲಿ ಮಳೆನೀರು ಹರಿಯುತ್ತಿದ್ದ ಹಳೆಯ ತೊರೆಗಳ ಜಾಡು ಆ ಸಾಲುಗಳಲ್ಲೇ ಇತ್ತೆಂದು ಊರಿನ ಹಿರಿಯರು ನೆನಪಿಸಿಕೊಂಡರು. ಮಣ್ಣು ತುಂಬಿ ಮನೆ ಕಟ್ಟಿದ್ದರೂ ನೀರು ತನ್ನ ಹಳೆಯ ಹಾದಿಯನ್ನು ಮರೆತಿರಲಿಲ್ಲ. ಆ ಹಾದಿಯಲ್ಲೇ ವಿಷವೂ ಮನೆಗಳ ಅಡಿಗೆ ಹರಿದು ಬರುತ್ತಿತ್ತು.

ಬಫಲೋ ನಗರದ ರೋಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿ ಬೆವರ್ಲಿ ಪೇಗನ್ ಈ ವಿವರಗಳನ್ನು ವ್ಯವಸ್ಥಿತವಾಗಿ ಪರಿಶೀಲಿಸಿದರು. ಹಳೆಯ ತೊರೆಗಳ ಜಾಡಿನ ಮೇಲಿದ್ದ, ತೇವದ ನೆಲದ ಮನೆಗಳಲ್ಲಿ ಗರ್ಭಪಾತಗಳೂ ಜನ್ಮದೋಷಗಳೂ ಹೆಚ್ಚಾಗಿರುವುದು ಅವರಿಗೆ ಕಂಡಿತು. 1974ರಿಂದ 1978ರವರೆಗೆ ಹುಟ್ಟಿದ ಮಕ್ಕಳಲ್ಲಿ ಶೇ 56ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಜನ್ಮದೋಷ ಇತ್ತೆಂದು ನಿವಾಸಿಗಳ ಸಮೀಕ್ಷೆ ಹೇಳಿತು. 16 ಮಕ್ಕಳಲ್ಲಿ 9. ಸಂಖ್ಯೆ ಚಿಕ್ಕದು. ಅಷ್ಟು ಚಿಕ್ಕ ಸಂಖ್ಯೆಯಿಂದ ವಿಜ್ಞಾನ ತೀರ್ಪು ಕೊಡಲಾರದು ಎಂಬುದು ನಿಜ. ಅಷ್ಟು ಚಿಕ್ಕ ಬೀದಿಯಲ್ಲಿ ಅಷ್ಟು ಮಕ್ಕಳು ಹಾಗೆ ಹುಟ್ಟಿದಾಗ ಆಡಳಿತ ಕೈಕಟ್ಟಿ ಕೂರಲಾಗದು ಎಂಬುದೂ ಅಷ್ಟೇ ನಿಜ. ಆದರೆ ಆರೋಗ್ಯ ಇಲಾಖೆ ಈ ಸಮೀಕ್ಷೆಯನ್ನು ಗೃಹಿಣಿಯರ ಉಪಯೋಗಕ್ಕೆ ಬಾರದ ಲೆಕ್ಕ ಎಂದು ತಳ್ಳಿಹಾಕಿತೆಂದು ಗಿಬ್ಸ್ ಮುಂದೆ ಹಲವು ಸಲ ಹೇಳಿದ್ದಾರೆ.

ತಳ್ಳಿಹಾಕಿದರೂ ಇಲಾಖೆ ತನ್ನ ದಾಖಲೆಗಳನ್ನು ಮತ್ತೆ ನೋಡಬೇಕಾಯಿತು. 1979ರ ಫೆಬ್ರುವರಿ 8ರಂದು ಹೊಸ ಆಯುಕ್ತ ಡೇವಿಡ್ ಆಕ್ಸೆಲ್‌ರಾಡ್ ಎರಡನೇ ಆದೇಶ ಹೊರಡಿಸಿದರು. ಬೇಲಿಯ ಹೊರಗೆ, 97ನೇ ಬೀದಿಯಿಂದ 103ನೇ ಬೀದಿಯವರೆಗಿನ ಬಸುರಿಯರೂ ಎರಡು ವರ್ಷದೊಳಗಿನ ಮಕ್ಕಳೂ ತಾತ್ಕಾಲಿಕವಾಗಿ ಸ್ಥಳಾಂತರಗೊಳ್ಳಬೇಕು ಎಂದಿತು ಅದು. ಮಗುವಿಗೆ ಎರಡು ತುಂಬಿದರೆ, ಇಲ್ಲವೇ ಬಸಿರು ನಿಲ್ಲದೆ ಹೋದರೆ, ಕುಟುಂಬ ಅದೇ ಮನೆಗೆ ಮರಳಬೇಕಿತ್ತು. ಗರ್ಭಪಾತದ ನೋವಿನಲ್ಲಿರುವ ಹೆಣ್ಣಿಗೆ ಆ ನೆಲಕ್ಕೇ ಹಿಂದಿರುಗು ಎನ್ನುವ ನಿಯಮಕ್ಕಿಂತ ಕ್ರೂರವಾದದ್ದು ಆ ಕಾಗದಗಳಲ್ಲಿ ಇನ್ನೊಂದಿಲ್ಲ.

ಇನ್ನೊಂದು ಅನ್ಯಾಯವೂ ನಡೆಯಿತು. ಗ್ರಿಫನ್ ಮ್ಯಾನರ್ ಎಂಬ ಸರ್ಕಾರಿ ಬಾಡಿಗೆ ಮನೆಗಳಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ. ಮನೆಯನ್ನು ಸರ್ಕಾರ ಕೊಳ್ಳುವುದು ಎಂದರೆ ಮನೆ ಇದ್ದವರಿಗೆ ಪರಿಹಾರ. ಬಾಡಿಗೆದಾರರ ಬಳಿ ಮಾರಲು ಏನಿತ್ತು? ಎಲೀನ್ ಥಾರ್ನ್‌ಟನ್ ನೇತೃತ್ವದಲ್ಲಿ ಅವರು ತಮ್ಮದೇ ಸಂಘ ಕಟ್ಟಿ ಹೋರಾಡಬೇಕಾಯಿತು. ಟಿವಿಯಲ್ಲಿ, ಪತ್ರಿಕೆಯಲ್ಲಿ ಅವರ ಮುಖ ಕಂಡದ್ದು ಕಡಿಮೆ. ಗರ್ಭದಲ್ಲಿರುವ ಮಗುವಿಗೆ ಮನೆಯ ಹಕ್ಕುಪತ್ರ ಯಾರ ಹೆಸರಲ್ಲಿದೆ ಎಂಬುದು ಲೆಕ್ಕವಲ್ಲ. ಪರಿಹಾರ ಹಂಚಿದವರಿಗೆ ಅದೇ ಲೆಕ್ಕವಾಗಿತ್ತು.

ಬಸಿರಿಗೇ ಏಕೆ ಮೊದಲ ಪೆಟ್ಟು?

ಗರ್ಭ ಕಟ್ಟಿದ ಮೂರನೇ ವಾರದಿಂದ ಎಂಟನೇ ವಾರದೊಳಗೆ ಮಗುವಿನ ಹೃದಯ, ಬೆನ್ನುಹುರಿ, ಕೈಕಾಲು, ಕಣ್ಣು, ಕಿವಿಗಳ ಮೂಲರೂಪ ಸಿದ್ಧವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದು ತಿಳಿಯುವ ಹೊತ್ತಿಗೆ ಈ ಅವಧಿಯ ಒಂದು ಪಾಲು ಕಳೆದುಹೋಗಿರುತ್ತದೆ. ಕ್ಲೋರಿನ್ ಸೇರಿದ ಹಲವು ರಾಸಾಯನಿಕಗಳು ಕೊಬ್ಬಿನಲ್ಲಿ ಕರಗಿ ತಾಯಿಯ ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಅವು ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತವೆ. ವಿಷವನ್ನು ಒಡೆದು ಹೊರಹಾಕುವ ಶಕ್ತಿ ಮಗುವಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ದೊಡ್ಡವರಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು, ಅಷ್ಟರಲ್ಲಿ ಜನ ಊರೂರು ಬದಲಿಸಿರುತ್ತಾರೆ. ಬಸಿರಿನ ಫಲ ಒಂಬತ್ತು ತಿಂಗಳಲ್ಲೇ ಗೊತ್ತಾಗುತ್ತದೆ. ನೆಲ ಕೆಟ್ಟಿದೆ ಎಂಬ ಸುಳಿವು ಜನನದ ದಾಖಲೆಗಳಲ್ಲಿ ಬೇಗ ಸಿಗಬಹುದಾದದ್ದು ಈ ಕಾರಣಕ್ಕೆ.

ಕಾನೂನು ಹುಟ್ಟಿದ ವರ್ಷ

1980ರ ಮೇ ತಿಂಗಳಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಪರೀಕ್ಷಿಸಿದ 36 ನಿವಾಸಿಗಳಲ್ಲಿ 11 ಮಂದಿಯ ವರ್ಣತಂತುಗಳಿಗೆ ಹಾನಿಯಾಗಿದೆ ಎಂದು ಪ್ರಕಟಿಸಿತು. ಹೋಲಿಕೆಗೆ ಬೇರೆ ಊರಿನವರ ಗುಂಪೇ ಇಲ್ಲದ ಆ ಅಧ್ಯಯನವನ್ನು ಹಲವು ವಿಜ್ಞಾನಿಗಳು ಟೀಕಿಸಿದರು. ಆದರೆ ಸುದ್ದಿ ಕೇಳಿದ ತಾಯಂದಿರಿಗೆ ಅದು ತಮ್ಮ ಮಕ್ಕಳ, ಮೊಮ್ಮಕ್ಕಳ ಪ್ರಶ್ನೆ. ಮೇ 19ರಂದು ಅವರು ಸಂಸ್ಥೆಯ ಇಬ್ಬರು ಅಧಿಕಾರಿಗಳನ್ನು ತಮ್ಮ ಸಂಘದ ಕಚೇರಿಯಲ್ಲೇ ಹಲವು ತಾಸು ತಡೆದು ಕೂರಿಸಿದರು. ಎರಡೇ ದಿನಗಳಲ್ಲಿ, ಮೇ 21ರಂದು, ಕಾರ್ಟರ್ ಎರಡನೇ ಬಾರಿ ತುರ್ತುಸ್ಥಿತಿ ಘೋಷಿಸಿದರು. ಸುಮಾರು 700 ಕುಟುಂಬಗಳಿಗೆ ಊರು ಬಿಡುವ ದಾರಿ ತೆರೆಯಿತು. ಅದೇ ವರ್ಷ ಗವರ್ನರ್ ನೇಮಿಸಿದ, ಲೂಯಿಸ್ ಥಾಮಸ್ ಅಧ್ಯಕ್ಷತೆಯ ತಜ್ಞರ ಸಮಿತಿ ಪೇಗನ್ ಅವರ ಕೆಲಸವನ್ನು ಕಟುವಾಗಿ ಟೀಕಿಸಿತು.

1980ರ ಡಿಸೆಂಬರ್ 11ರಂದು ಕಾರ್ಟರ್ ಸಹಿ ಹಾಕಿದ ಕಾನೂನನ್ನು ಜಗತ್ತು ‘ಸೂಪರ್‌ಫಂಡ್’ ಎಂದು ಕರೆಯುತ್ತದೆ. ರಾಸಾಯನಿಕ ಮತ್ತು ಪೆಟ್ರೋಲಿಯಂ ಉದ್ಯಮಗಳ ಮೇಲೆ ತೆರಿಗೆ ಹಾಕಿ ನಿಧಿ ಕಟ್ಟುವುದು, ಪಾಳುಬಿದ್ದ ವಿಷದ ನೆಲಗಳನ್ನು ಪಟ್ಟಿ ಮಾಡಿ ಶುದ್ಧಗೊಳಿಸುವುದು, ಹೊಣೆಗಾರರಿಂದ ಖರ್ಚು ವಸೂಲು ಮಾಡುವುದು ಅದರ ಉದ್ದೇಶ. ಹೂಕರ್ ಕಂಪನಿಯನ್ನು ಕೊಂಡಿದ್ದ ಆಕ್ಸಿಡೆಂಟಲ್ ಸಂಸ್ಥೆ 1994ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ 9.8 ಕೋಟಿ ಡಾಲರ್, 1995ರಲ್ಲಿ ಕೇಂದ್ರ ಸರ್ಕಾರಕ್ಕೆ 12.9 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದು ಡಾಲರಿಗೆ ಕೈಬದಲಾಯಿಸಿದ ನೆಲಕ್ಕೆ ಕೊನೆಗೆ ತೆತ್ತ ಬೆಲೆಯ ಒಂದು ಭಾಗ ಇದು.

ಮಕ್ಕಳ ಲೆಕ್ಕ ಏನಾಯಿತು? 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಜ್ಯ ಆರೋಗ್ಯ ಇಲಾಖೆಯ ಸಂಶೋಧಕರೇ ಒಂದು ಪ್ರಬಂಧ ಪ್ರಕಟಿಸಿದರು. ತ್ಯಾಜ್ಯ ಸುರಿಯುತ್ತಿದ್ದ ಕಾಲದಲ್ಲಿ, ಹಳೆಯ ತೊರೆಗಳ ಜಾಡಿನ ಮೇಲಿದ್ದ ಮನೆಗಳಲ್ಲಿ, ಕಡಿಮೆ ತೂಕದ ಶಿಶುಗಳು ಹೆಚ್ಚಾಗಿ ಹುಟ್ಟಿದ್ದವು. ಗೃಹಿಣಿಯರು ನಕ್ಷೆಯ ಮೇಲೆ ಗುರುತಿಸಿದ್ದ ಜಾಡೇ ಅದು. 2011ರಲ್ಲಿ ಹೊರಬಂದ ಇಲಾಖೆಯ ಇನ್ನೊಂದು ಅಧ್ಯಯನ, ಸ್ಥಳಾಂತರಕ್ಕೆ ಮೊದಲು ಲವ್ ಕೆನಾಲ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಅವಧಿಗೆ ಮುನ್ನ ಜನಿಸಿದವರ ಪ್ರಮಾಣ ನಿರೀಕ್ಷೆಗಿಂತ ಸುಮಾರು ಶೇ 40ರಷ್ಟು ಹೆಚ್ಚಿತ್ತೆಂದು ತೋರಿಸಿತು. ಗಿಬ್ಸ್ ಮತ್ತು ಅವರ ನೆರೆಯವರ ಪ್ರತಿಯೊಂದು ಸಂಖ್ಯೆಯೂ ಸರಿ ಎಂದು ಇದರಿಂದ ಸಾಬೀತಾಗುವುದಿಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ಅದನ್ನು ತಳ್ಳಿಹಾಕಿದ್ದು ತಪ್ಪಾಗಿತ್ತು ಎಂಬುದು ಸಾಬೀತಾಗುತ್ತದೆ.

ಲವ್ ಕೆನಾಲ್‌ನಿಂದಾಚೆ

1998ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಯುರೋಪಿನ ಅಧ್ಯಯನವೊಂದು 21 ಅಪಾಯಕಾರಿ ತ್ಯಾಜ್ಯದ ಗುಂಡಿಗಳ ಸುತ್ತಲಿನ ಜನನಗಳನ್ನು ನೋಡಿತು. ಮೂರು ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲಿ ಜನ್ಮದೋಷದ ಸಂಭವ ಶೇ 33ರಷ್ಟು ಹೆಚ್ಚಿತ್ತು. ಬಡತನ, ಆಹಾರ, ದುಡಿಮೆಯ ಸ್ಥಿತಿಗಳೂ ಇಂಥ ಸಂಖ್ಯೆಗಳಲ್ಲಿ ಬೆರೆತಿರುತ್ತವೆ, ಏಕೆಂದರೆ ಕೆಟ್ಟ ನೆಲದ ಪಕ್ಕದಲ್ಲಿ ಮನೆ ಸಿಗುವುದು ಹೆಚ್ಚಾಗಿ ಬಡವರಿಗೆ. ಹಾಗಾದರೆ ದೋಷ ನೆಲದ್ದೋ ಬಡತನದ್ದೋ? ಇದಕ್ಕೆ ಉತ್ತರ ಹುಡುಕಲು ಜಾನೆಟ್ ಕರಿ, ಮೈಕಲ್ ಗ್ರೀನ್‌ಸ್ಟೋನ್, ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞರು, ಸೂಪರ್‌ಫಂಡ್ ಶುದ್ಧೀಕರಣಕ್ಕೆ ಮೊದಲು ಮತ್ತು ನಂತರ ಹುಟ್ಟಿದ ಮಕ್ಕಳನ್ನು ಹೋಲಿಸಿದರು. ನೆಲ ಶುದ್ಧವಾದ ಮೇಲೆ ಹತ್ತಿರದಲ್ಲಿ ಜನ್ಮದೋಷಗಳು ಶೇ 20ರಿಂದ 25ರಷ್ಟು ಇಳಿದಿದ್ದವು.

ಶುದ್ಧೀಕರಣವನ್ನೂ ಅಜಾಗರೂಕತೆಯಿಂದ ಮಾಡಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಕಾರ್ಬಿ ಪಟ್ಟಣ ಅನುಭವಿಸಿತು. 1980ರ ಸುಮಾರಿಗೆ ಅಲ್ಲಿನ ಉಕ್ಕು ತಯಾರಿಕೆ ನಿಂತಿತು. ಆ ಕಾರ್ಖಾನೆಯ ಜಮೀನನ್ನು ಅಗೆದು, ವಿಷದ ಕೆಸರನ್ನು ಲಾರಿಗಳಲ್ಲಿ ಊರ ರಸ್ತೆಗಳ ಮೂಲಕವೇ ಸಾಗಿಸಲಾಯಿತು. ದೂಳು ಊರನ್ನೆಲ್ಲ ಆವರಿಸಿತು. ಕೈಕಾಲಿನ ಬೆರಳುಗಳು ಸರಿಯಾಗಿ ಮೂಡದ ಮಕ್ಕಳು ಹುಟ್ಟಿದರು. 2009ರಲ್ಲಿ ಹೈಕೋರ್ಟ್ ಸ್ಥಳೀಯ ಕೌನ್ಸಿಲ್ ನಿರ್ಲಕ್ಷ್ಯ ತೋರಿದೆ ಎಂದು ತೀರ್ಪು ನೀಡಿತು. ಮರುವರ್ಷ ಆ ಮಕ್ಕಳಿಗೆ ಪರಿಹಾರ ಕೊಡಲು ಕೌನ್ಸಿಲ್ ಒಪ್ಪಿತು.

ಈ ಪಾಠ ನಮಗೆ ದೂರದ್ದಲ್ಲ. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ 1984ರಿಂದ ಬಿದ್ದಿದ್ದ 337 ಟನ್ ತ್ಯಾಜ್ಯ ಅಲ್ಲಿಂದ ಹೊರಟದ್ದು 2025ರ ಜನವರಿಯಲ್ಲಿ. ನಮ್ಮದೇ ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ತೆಗೆದು ಉಳಿದ ಮಣ್ಣಿನ ದಿಬ್ಬಗಳು ಕೆಜಿಎಫ್ ಜನವಸತಿಯ ನಡುವೆಯೇ ನಿಂತಿವೆ. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬೀಸುವ ದಿನಗಳಲ್ಲಿ ಅದರ ದೂಳು ಮನೆಗಳ ಮೇಲೆ ಬೀಳುತ್ತದೆ. 13 ದಿಬ್ಬಗಳನ್ನು ಮತ್ತೆ ಅಗೆದು ಚಿನ್ನ ಹುಡುಕುವ ಕೇಂದ್ರದ ಯೋಜನೆಗೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕಾರ್ಬಿಯಲ್ಲಿ ನಡೆದದ್ದನ್ನು ಓದಿಯೇ ಅಲ್ಲಿ ಮೊದಲ ಗುದ್ದಲಿ ಬೀಳಬೇಕು.

ಕಲುಷಿತ ಜಾಗಗಳನ್ನು ಗುರುತಿಸಿ ಶುದ್ಧಗೊಳಿಸುವ ನಿಯಮಗಳನ್ನು ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿದೆ. ಸೂಪರ್‌ಫಂಡ್ ಬಂದು 45 ವರ್ಷಗಳ ನಂತರ ಬಂದ ನಿಯಮ ಅದು. ತಡವಾದರೂ ಸ್ವಾಗತ. ಆದರೆ ಮಣ್ಣು ಮತ್ತು ನೀರಿನ ಪರೀಕ್ಷೆಯಷ್ಟೇ ಸಾಲದು. ನಮ್ಮ ರಾಜ್ಯದಲ್ಲಿ ಪ್ರತಿ ಬಸುರಿಗೂ ತಾಯಿ ಕಾರ್ಡ್ ಇದೆ. ಹುಟ್ಟಿದ ಮಗುವಿನ ತೂಕ ದಾಖಲಾಗುತ್ತದೆ. ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಶಿಕ್ಷಕಿಯರಿಗೂ ತಮ್ಮ ಬೀದಿಯ ಪ್ರತಿ ಹೆರಿಗೆಯೂ ಗೊತ್ತು. ಲವ್ ಕೆನಾಲ್‌ನ ತಾಯಂದಿರು ಫೋನು ಮಾಡಿ ಮಾಡಿ ಕಲೆಹಾಕಿದ ವಿವರದ ಬಹುಪಾಲು ನಮ್ಮ ಸರ್ಕಾರದ ಕಪಾಟಿನಲ್ಲೇ ಇದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳು, ಅವಧಿಗೆ ಮುನ್ನ ಹುಟ್ಟಿದವು, ಅಂಗದೋಷವಿರುವವು ಎಲ್ಲೆಲ್ಲಿ ಹೆಚ್ಚಿವೆ ಎಂದು ಹೆಸರು ಬಹಿರಂಗಪಡಿಸದೆ ನಕ್ಷೆ ಮಾಡಿ, ಅದನ್ನು ಪಾಳು ಕಾರ್ಖಾನೆ, ಗಣಿ, ಕಸದ ಗುಂಡಿಗಳ ನಕ್ಷೆಯ ಪಕ್ಕದಲ್ಲಿಟ್ಟು ಆರೋಗ್ಯ ಇಲಾಖೆ ಪ್ರತಿ ವರ್ಷ ಪ್ರಕಟಿಸಲಿ. ಯಾವುದೋ ಬೀದಿಯ ತಾಯಂದಿರು ತಮ್ಮ ಮಕ್ಕಳ ಲೆಕ್ಕ ಹಿಡಿದು ಕಚೇರಿಗೆ ಬಂದಾಗ, ಅಧಿಕಾರಿಗಳು ಮೊದಲು ಅದನ್ನು ಓದಲಿ.